ಬಿಯರಿಗೆ ಸಿಹಿ ಬೆರೆಸುವುದಾದರೆ ಪುನರ್ಪುಳಿಯೋ, ಶುಂಠಿಯೋ, ಲಿಂಬೆಯೋ?

ಸಿಹಿ ಬಿಯರ್ ಕಾಕ್‌ಟೇಲ್ ಹೆಚ್ಚಾಗಿ ಕೆಡುವುದು ಹುಳಿ ಸಾಲದೆ. ಸಕ್ಕರೆ ಸ್ವಲ್ಪ ಹೆಚ್ಚು ಕಡಿಮೆ ಆದರೆ ಸರಿ ಮಾಡಿಕೊಳ್ಳಬಹುದು. ಹುಳಿಯೇ ಇಲ್ಲದಿದ್ದರೆ ಬಿಯರಿನ ಕಹಿ ಒಂದು ಕಡೆ, ಸಕ್ಕರೆ ಇನ್ನೊಂದು ಕಡೆ ನಿಲ್ಲುತ್ತದೆ. ಎರಡು ಗುಟುಕಿಗೇ ಬಾಯಿ ಅಂಟಂಟಾಗುತ್ತದೆ. ಯಾವ ಶರಬತ್ತು ಬೆರೆಸೋಣ ಎಂದು ಯಾರಾದರೂ ಕೇಳಿದರೆ, ಅದಕ್ಕೆ ತನ್ನದೇ ಹುಳಿ ಇದೆಯಾ ಎಂದು ನಾನು ಮೊದಲು ನೋಡುತ್ತೇನೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಆಯ್ಕೆ ಮುಗಿದುಹೋಗುತ್ತದೆ.

ಕಾಸರಗೋಡಿನವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಪುನರ್ಪುಳಿ (ಕೋಕಮ್) ಶರಬತ್ತಿನ ಬಾಟಲಿ ಇದ್ದೇ ಇರುತ್ತದೆ. ಅಂಗಳದಲ್ಲಿ ಲಿಂಬೆ ಗಿಡ, ಅಡುಗೆಮನೆಯಲ್ಲಿ ಶುಂಠಿ, ಡಬ್ಬಿಯಲ್ಲಿ ಬೆಲ್ಲ. ಮೇ ತಿಂಗಳಲ್ಲಿ ಬೆಂಗಳೂರು, ಮಂಗಳೂರಿನಿಂದ ಗೆಳೆಯರೂ ಕುಡಿಯುವ ನೆಂಟರೂ ಬಂದಾಗ ಪೇಟೆಯಿಂದ ತರಬೇಕಾದದ್ದು ಬಿಯರ್ ಮಾತ್ರ. ಆ ಬಿಯರ್ ಯಾವುದು ಎನ್ನುವುದನ್ನೂ ಯೋಚಿಸಿಯೇ ತರಬೇಕು.

ಬಿಯರ್ ಯಾವುದು?

ಸಿಹಿ ಬೆರೆಸಲು ಮೈಲ್ಡ್ ಲಾಗರ್, ಅಂದರೆ ಮಾಮೂಲಿ ತಿಳಿ ಬಿಯರ್, ಸಾಕು. ಸಾಕು ಮಾತ್ರವಲ್ಲ, ಅದೇ ಬೇಕು. ಕಿಂಗ್‌ಫಿಶರ್ ಪ್ರೀಮಿಯಮ್‌ನಂಥದ್ದರಲ್ಲಿ ಆಲ್ಕೋಹಾಲ್ ಶೇಕಡಾ 4.8. ಸ್ಟ್ರಾಂಗ್ ಎಂದು ಮಾರುವ ಬಿಯರಿನಲ್ಲಿ ಅದು ಶೇಕಡಾ 8ರವರೆಗೂ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 650 ಮಿಲಿಯ ಒಂದು ಬಾಟಲಿ ಮೈಲ್ಡ್‌ನಲ್ಲಿ ಸುಮಾರು 31 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇಕಡಾ 8ರ ಸ್ಟ್ರಾಂಗ್‌ನಲ್ಲಿ 52 ಮಿಲಿ. ಸ್ಟ್ರಾಂಗ್ ಬಿಯರಿಗೆ ಅಷ್ಟೇ ಪ್ರಮಾಣದ ಲಿಂಬೆ ಸೋಡಾ ಬೆರೆಸಿದರೂ ಶೇಕಡಾ 4 ಉಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಮಾಮೂಲಿ ಬಿಯರ್. ಆದರೆ ಕುಡಿಯುವವರಿಗೆ ಅದು ಶರಬತ್ತು ಅನ್ನಿಸುತ್ತದೆ. ಕಹಿ ಇರುವಾಗ ನಾಲಗೆಯೇ ನಮ್ಮನ್ನು ನಿಧಾನ ಮಾಡುತ್ತದೆ. ಸಿಹಿ ಆ ತಡೆಯನ್ನು ತೆಗೆದುಬಿಡುತ್ತದೆ. ಸ್ಟ್ರಾಂಗ್ ಬಿಯರಿನಲ್ಲಿ ಸಿಹಿ ಕಾಕ್‌ಟೇಲ್ ಮಾಡಬೇಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ರುಚಿಯಲ್ಲೂ ಲಾಭವಿಲ್ಲ. ಅದರ ಆಲ್ಕೋಹಾಲಿನ ಖಾರ ಸಿರಪ್ಪಿನ ಹಿಂದೆ ಎದ್ದು ಕಾಣುತ್ತದೆ.

ಗೋಧಿ ಬಿಯರ್ ಸಿಕ್ಕಿದರೆ ಒಳ್ಳೆಯದು. ಬೆಲ್ಜಿಯಮ್ ಶೈಲಿಯದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿರುತ್ತಾರೆ. ಕಹಿ ಕಡಿಮೆ. ಹಾಗಾಗಿ ಸಿರಪ್ಪೂ ಕಡಿಮೆ ಸಾಕು. ಕಪ್ಪು ಬಿಯರ್, ಅಂದರೆ ಸ್ಟೌಟ್, ಬೆಲ್ಲದ ಜೊತೆಗೆ ಮಾತ್ರ ಸರಿಹೊಂದುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಕೊಳ್ಳುವ ಬಗ್ಗೆ ಎರಡು ಮಾತು. ಕೇರಳದಲ್ಲಿ ಮದ್ಯ ಕೊಳ್ಳಲು, ಕುಡಿಯಲು 23 ವರ್ಷ ತುಂಬಿರಬೇಕು. ಒಬ್ಬರು ಇಟ್ಟುಕೊಳ್ಳಬಹುದಾದ ಬಿಯರ್ 3.5 ಲೀಟರ್, ಅಂದರೆ ದೊಡ್ಡ ಬಾಟಲಿ ಐದು. ತಿಂಗಳ 1ನೇ ತಾರೀಕು ಬೆವ್ಕೋ, ಅಂದರೆ ಸರ್ಕಾರಿ ಮದ್ಯದ ಅಂಗಡಿ, ಮುಚ್ಚಿರುತ್ತದೆ. ತಲಪಾಡಿ ದಾಟಿದರೆ ಕರ್ನಾಟಕ, ಅಲ್ಲಿಂದ ಎರಡು ಬಾಟಲಿ ತಂದರೆ ಏನಾಯ್ತು ಎಂದು ಕೇಳುವವರಿದ್ದಾರೆ. ಕರ್ನಾಟಕದಲ್ಲಿ ಮಾರಾಟಕ್ಕೆಂದು ಇರುವ ಮದ್ಯವನ್ನು ಗಡಿಯ ಈಚೆ ತರುವುದು ಅಬಕಾರಿ ಅಪರಾಧ. ಮಂಜೇಶ್ವರದ ಕಡೆ ತಪಾಸಣೆ ನಡೆಯುತ್ತಲೇ ಇರುತ್ತದೆ. ಒಂದು ಸಂಜೆಯ ಖುಷಿಗೆ ಅದು ಬೇಡ.

ಪುನರ್ಪುಳಿ: ನನ್ನ ಮೊದಲ ಆಯ್ಕೆ

ಜರ್ಮನಿಯ ಬರ್ಲಿನ್‌ನಲ್ಲಿ ಬರ್ಲಿನರ್ ವೈಸ್ಸೆ ಎಂಬ ಬಿಯರ್ ಇದೆ. ಹುಳಿ ಬಿಯರ್ ಅದು. ಅದಕ್ಕೆ ಕೆಂಪು ರಾಸ್ಪ್‌ಬೆರಿ ಸಿರಪ್ಪೋ, ವುಡ್‌ರಫ್ ಎಂಬ ಸೊಪ್ಪಿನ ಹಸಿರು ಸಿರಪ್ಪೋ ಹಾಕಿ, ಅಗಲ ಬಾಯಿಯ ಗ್ಲಾಸಿನಲ್ಲಿ ಕೊಡುತ್ತಾರೆ. ಅಲ್ಲಿ ಹುಳಿ ಬಿಯರಿನದು, ಸಿಹಿ ಸಿರಪ್ಪಿನದು. ನಮಗೆ ಸಿಗುವ ಲಾಗರಿನಲ್ಲಿ ಹುಳಿ ಇಲ್ಲ. ಆದ್ದರಿಂದ ಹುಳಿಯನ್ನೂ ಸಿರಪ್ಪೇ ತರಬೇಕು. ಆ ಕೆಲಸಕ್ಕೆ ಪುನರ್ಪುಳಿಯಷ್ಟು ಸರಿಯಾದದ್ದು ನನಗೆ ಬೇರೆ ಸಿಕ್ಕಿಲ್ಲ. ಹುಳಿ, ಸಿಹಿ, ಬಣ್ಣ ಮೂರೂ ಒಂದೇ ಬಾಟಲಿಯಲ್ಲಿ. ಅದರ ಜೊತೆಗೆ ಸಿಪ್ಪೆಯ ಒಂದು ಸಣ್ಣ ಒಗರು ಕೂಡ ಇದೆ. ಆ ಒಗರು ಬಿಯರಿನ ಕಹಿಯ ಜೊತೆ ಸೇರಿಕೊಳ್ಳುತ್ತದೆ. ಲಿಂಬೆಯಲ್ಲಿ ಈ ಗುಣ ಇಲ್ಲ.

ಯಾವ ಸಿರಪ್ ಎನ್ನುವುದು ಇಲ್ಲಿ ತುಂಬ ಮುಖ್ಯ. ಮನೆಯಲ್ಲಿ ಬೇಸಿಗೆಯಲ್ಲಿ ಮಾಡುವ ಕ್ರಮ ಗೊತ್ತೇ ಇದೆ. ಹಣ್ಣಿನ ಸಿಪ್ಪೆಯನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಗಾಜಿನ ಭರಣಿಯಲ್ಲಿ ಹಾಕಿ, ಬಿಸಿಲಿಗಿಟ್ಟು, ಬಿಟ್ಟ ರಸವನ್ನು ಸೋಸಿ ತೆಗೆಯುವುದು. ಬೇಯಿಸದ ಈ ಸಿರಪ್ಪಿನಲ್ಲಿ ಹಣ್ಣಿನ ಪರಿಮಳ ಉಳಿದಿರುತ್ತದೆ. ಬಿಯರಿಗೆ ಇದೇ ಬೇಕು. ಜೀರಿಗೆ, ಉಪ್ಪು ಹಾಕಿದ ಶರಬತ್ತು ಊಟದ ನಂತರ ಕುಡಿಯಲು ಚೆನ್ನ, ಬಿಯರಿಗೆ ಬೇಡ. ಜೀರಿಗೆಯ ವಾಸನೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ವಾಸನೆಯನ್ನು ನುಂಗಿಬಿಡುತ್ತದೆ. ಪೇಟೆಯ ಬಾಟಲಿ ಕೊಳ್ಳುವುದಾದರೆ ಹಿಂದಿನ ಚೀಟಿ ಓದಿ. ಬಣ್ಣ ಸೇರಿಸಿದ್ದು, ಸಿಟ್ರಿಕ್ ಆಮ್ಲವೇ ಮುಖ್ಯ ಹುಳಿಯಾಗಿರುವುದು ಬಿಯರಿನಲ್ಲಿ ಸಪ್ಪೆ ಅನ್ನಿಸುತ್ತದೆ.

ಒಣ ಸಿಪ್ಪೆ ಮಾತ್ರ ಇದ್ದರೂ ಆಗುತ್ತದೆ. ಒಂದು ಹಿಡಿ ಸಿಪ್ಪೆಯನ್ನು ಒಂದು ಲೋಟ ಬಿಸಿ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ. ನೀರಿನ ಅಳತೆಯಷ್ಟೇ ಸಕ್ಕರೆ ಹಾಕಿ ಕರಗುವಷ್ಟು ಮಾತ್ರ ಬಿಸಿ ಮಾಡಿ. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಬೇಡ, ಹುಳಿ ಲೋಹವನ್ನು ಹಿಡಿಯುತ್ತದೆ. ಮೀನಿನ ಸಾರಿಗೆ ಹಾಕುವ ಕಪ್ಪು ಕುಡಂಪುಳಿ ಇದಕ್ಕೆ ಆಗುವುದಿಲ್ಲ. ಅದು ಹೊಗೆಯಲ್ಲಿ ಒಣಗಿಸಿದ್ದು, ಇಡೀ ಗ್ಲಾಸು ಹೊಗೆ ವಾಸನೆ ಬರುತ್ತದೆ.

ಅಳತೆ: 300 ಮಿಲಿಯ ಗ್ಲಾಸಿಗೆ 25 ಮಿಲಿ ಸಿರಪ್, 240 ಮಿಲಿಯಷ್ಟು ತಣ್ಣಗಿನ ಲಾಗರ್, ಮೇಲೆ ನೊರೆಗೆ ಜಾಗ. ಮನೆ ಸಿರಪ್ಪಿನ ಗಟ್ಟಿ ಒಂದೊಂದು ಮನೆಯದು ಒಂದೊಂದು ಥರ. ಹಾಗಾಗಿ ಮೊದಲ ಗ್ಲಾಸಿನ ರುಚಿ ನೋಡಿ 5 ಮಿಲಿ ಹೆಚ್ಚಿಸಿ ಅಥವಾ ಇಳಿಸಿ. ಇಲ್ಲಿ ಸಿರಪ್ ಸ್ವಲ್ಪವೇ ಆದ್ದರಿಂದ ಬಿಯರಿನ ಶಕ್ತಿ ಹೆಚ್ಚು ಇಳಿಯುವುದಿಲ್ಲ. ಶೇಕಡಾ 4ರ ಮೇಲೆಯೇ ಇರುತ್ತದೆ. ಕುಡಿಯುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಲಿಂಬೆ: ಜನ ಜಾಸ್ತಿ ಇದ್ದಾಗ

ಬಿಯರಿಗೆ ಸಮ ಸಮ ಲಿಂಬೆ ಸೋಡಾ ಬೆರೆಸಿದರೆ ಜರ್ಮನಿಯಲ್ಲಿ ಅದು ರಾಡ್ಲರ್, ಫ್ರಾನ್ಸಿನಲ್ಲಿ ಪನಾಶೆ, ಸ್ಪೇನಿನಲ್ಲಿ ಕ್ಲಾರಾ. 1922ರಲ್ಲಿ ಮ್ಯೂನಿಕ್ ಹತ್ತಿರದ ಡೈಸೆನ್‌ಹೋಫೆನ್‌ನಲ್ಲಿ ಫ್ರಾಂಜ್ ಕ್ಸಾವರ್ ಕುಗ್ಲರ್ ಎಂಬ ಹೋಟೆಲಿನವರು ಸೈಕಲ್ ಸವಾರರ ದೊಡ್ಡ ಗುಂಪು ಬಂದಾಗ ಬಿಯರ್ ಸಾಲದೆ ಲಿಂಬೆ ಸೋಡಾ ಬೆರೆಸಿ ಕೊಟ್ಟರು ಎಂಬ ಕಥೆ ಅಲ್ಲಿ ಪ್ರಸಿದ್ಧ. ಈ ಮಿಶ್ರಣ ಅದಕ್ಕೂ ಹಳೆಯದು. ಆದರೆ ಕಥೆಯಲ್ಲಿರುವ ಲೆಕ್ಕ ಮಾತ್ರ ನಿಜ: ಎರಡು ಬಾಟಲಿಯಲ್ಲಿ ನಾಲ್ಕು ಬಾಟಲಿಯಷ್ಟು ಪಾನೀಯ ಆಗುತ್ತದೆ. ಶಕ್ತಿಯೂ ಅರ್ಧ, ಸುಮಾರು ಶೇಕಡಾ 2.4.

ಮಧ್ಯಾಹ್ನದ ಸೆಕೆಗೆ, ಕುಡಿದು ಅಭ್ಯಾಸವಿಲ್ಲದವರಿಗೆ, ಹತ್ತು ಜನ ಸೇರಿದ ಕಡೆಗೆ ಲಿಂಬೆಯೇ ಸರಿ. ರುಚಿಯಲ್ಲಿ ಪುನರ್ಪುಳಿಗೆ ಸಮ ಅಲ್ಲ, ಆದರೆ ಇದರಷ್ಟು ಸಲೀಸು ಬೇರೆ ಇಲ್ಲ. ಪೇಟೆಯ ಲಿಂಬೆ ಪಾನೀಯದಲ್ಲಿ ಸಿಹಿ ಜಾಸ್ತಿ, ಹುಳಿ ಕಡಿಮೆ. ಅದನ್ನೇ ಬಳಸುವುದಾದರೆ ಪ್ರತಿ ಗ್ಲಾಸಿಗೆ ಕಾಲು ಲಿಂಬೆ ಹಿಂಡಿ. ಅದಕ್ಕಿಂತ ಗೋಲಿ ಸೋಡಾ, ಸಕ್ಕರೆ ಪಾಕ, ತಾಜಾ ಲಿಂಬೆ ರಸ ಬೆರೆಸಿದ್ದು ಎಷ್ಟೋ ಮೇಲು. ಒಂದು ಗ್ಲಾಸಿಗೆ ಅರ್ಧ ಲಿಂಬೆ, 20 ಮಿಲಿ ಪಾಕ, 120 ಮಿಲಿ ಸೋಡಾ, 120 ಮಿಲಿ ಬಿಯರ್. ಪಾಕ ಎಂದರೆ ಸಕ್ಕರೆ, ನೀರು ಸಮ ಸಮ ಕರಗಿಸಿ ಆರಿಸಿದ್ದು. ಹಿಂಡುವಾಗ ಲಿಂಬೆಯ ಬೀಜ ಬೀಳದ ಹಾಗೆ ನೋಡಿಕೊಳ್ಳಿ. ಬಿಯರಿಗೆ ಅದರದ್ದೇ ಕಹಿ ಸಾಕು.

ಶುಂಠಿ: ಮಳೆ ಶುರುವಾದ ಮೇಲೆ

ಇಂಥ ಮಿಶ್ರಣಕ್ಕೆ ಇಂಗ್ಲೆಂಡಿನಲ್ಲಿ ಶ್ಯಾಂಡಿ ಎನ್ನುತ್ತಾರೆ. ಅದು ಮೊದಲು ಲಿಂಬೆಯದ್ದಲ್ಲ. 19ನೇ ಶತಮಾನದಲ್ಲಿ ಅಲ್ಲಿ ಶ್ಯಾಂಡಿಗ್ಯಾಫ್ ಎಂದು ಕರೆಯುತ್ತಿದ್ದದ್ದು ಬಿಯರಿಗೆ ಜಿಂಜರ್ ಬಿಯರ್ ಎಂಬ ಖಾರದ ಶುಂಠಿ ಪಾನೀಯ ಬೆರೆಸಿದ್ದನ್ನು. ನಮ್ಮ ಪೇಟೆಯಲ್ಲಿ ಸಿಗುವ ಜಿಂಜರ್ ಏಲ್ ಆ ಕೆಲಸ ಮಾಡುವುದಿಲ್ಲ. ಅದರಲ್ಲಿ ಶುಂಠಿಯ ಖಾರ ಇಲ್ಲವೇ ಇಲ್ಲ, ಸುಮ್ನೆ ಸಿಹಿ. ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವೇನಲ್ಲ.

100 ಗ್ರಾಂ ಹಸಿ ಶುಂಠಿ ಜಜ್ಜಿ, 200 ಮಿಲಿ ನೀರು, 200 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಇಡಿ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಮೇಲಿನದನ್ನು ಮಾತ್ರ ಬಗ್ಗಿಸಿಕೊಳ್ಳಿ. ಇಲ್ಲದಿದ್ದರೆ ಗ್ಲಾಸಿನಲ್ಲಿ ಕದಡಿದ ಹಾಗೆ ಕಾಣುತ್ತದೆ. ಫ್ರಿಜ್ಜಿನಲ್ಲಿ ಎರಡು ವಾರ ಇಡಬಹುದು. ಶುಂಠಿಗೆ ತನ್ನದೇ ಹುಳಿ ಇಲ್ಲ ಎನ್ನುವುದು ಇದರ ಕೊರತೆ. ಕುಡಿಯುವ ಹೊತ್ತಿಗೆ ಲಿಂಬೆ ಹಿಂಡಲೇಬೇಕು. ಲಿಂಬೆ ಬೇಯಿಸಬೇಡಿ, ಪರಿಮಳ ಹೋಗುತ್ತದೆ. ಖಾರ ಇಷ್ಟಪಡುವವರು ಪಾಕ ಇಳಿಸಿದ ಕೂಡಲೇ ಒಂದು ಗಾಂಧಾರಿ ಮೆಣಸನ್ನು ಸೀಳಿ ಹಾಕಿ, ಐದು ನಿಮಿಷಕ್ಕೆ ತೆಗೆದುಬಿಡಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಬೇರೆ ಏನೂ ರುಚಿ ಸಿಗುವುದಿಲ್ಲ.

ಜೂನ್ ತಿಂಗಳ ಮಳೆಗೆ, ಬಂಗುಡೆ ಫ್ರೈ ಜೊತೆಗೆ ನಾನು ಆರಿಸುವುದು ಇದನ್ನೇ. ಎಣ್ಣೆ, ಮಸಾಲೆ ಇರುವ ತಿಂಡಿಯ ಎದುರು ಪುನರ್ಪುಳಿ ಸ್ವಲ್ಪ ಸೋಲುತ್ತದೆ, ಶುಂಠಿ ಸೋಲುವುದಿಲ್ಲ. ಹಲಸಿನ ಹಪ್ಪಳ, ಹುರಿದ ಗೇರುಬೀಜದಂಥ ಬರೀ ಉಪ್ಪಿನ ತಿಂಡಿಗೆ ಮಾತ್ರ ಪುನರ್ಪುಳಿಯೇ ಮುಂದೆ.

ತೆಂಗಿನ ಬೆಲ್ಲ, ಹಣ್ಣಿನ ರಸ, ನನ್ನಾರಿ

ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಶುರುವಾದದ್ದು. ಈಗ ಅದು ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಹೊಂಬಾಳೆಯಿಂದ ಹುಳಿ ಬರದ ಹಾಗೆ ತಂಪಿನಲ್ಲಿ ರಸ ಇಳಿಸುವ ಕ್ರಮವನ್ನು ಅಲ್ಲಿ ರೂಪಿಸಿದ್ದಾರೆ. ಆ ರಸಕ್ಕೆ ಕಲ್ಪರಸ ಎಂದು ಹೆಸರು. ಅದನ್ನು ಕಾಸಿದರೆ ತೆಂಗಿನ ಬೆಲ್ಲ, ತೆಂಗಿನ ಸಕ್ಕರೆ ಆಗುತ್ತದೆ. ಅದರಲ್ಲಿ ಸುಟ್ಟ ಸಕ್ಕರೆಯ ಒಂದು ಘಮ ಇದೆ. ತಿಳಿ ಲಾಗರಿನಲ್ಲಿ ಅದು ಮಂಕಾಗಿ ಕಾಣುತ್ತದೆ, ರುಚಿಯೂ ಮಂಕು. ಆದರೆ ಹುರಿದ ಬಾರ್ಲಿಯ ಕಪ್ಪು ಸ್ಟೌಟ್ ಜೊತೆಗೆ ಬೆರೆಸಿ ನೋಡಿ. ಕಾಫಿಗೆ ಬೆಲ್ಲ ಹಾಕಿದ ಹಾಗೆ, ಎರಡೂ ಒಂದೇ ಮನೆಯವು ಅನ್ನಿಸುತ್ತದೆ. ಬೆಲ್ಲ, ನೀರು ಸಮ ತೂಕದಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಗ್ಲಾಸಿಗೆ 15 ಮಿಲಿ ಸಾಕು. ಇಲ್ಲಿ ಮಾತ್ರ ಹುಳಿಯ ನಿಯಮ ಸ್ವಲ್ಪ ಸಡಿಲ, ಏಕೆಂದರೆ ಹುರಿದ ಧಾನ್ಯದಲ್ಲೇ ಒಂದು ಸಣ್ಣ ಹುಳಿ ಇರುತ್ತದೆ. ನಮ್ಮೂರಲ್ಲಿ ಸ್ಟೌಟ್ ಸಿಗುವುದು ಅಪರೂಪ, ಸಿಕ್ಕಿದ ದಿನಕ್ಕೆ ಇದು.

ಅನಾನಸಿನ ರಸ ಹುಳಿ, ಸಿಹಿ ಎರಡನ್ನೂ ತರುತ್ತದೆ. ಆದರೆ ನೊರೆ ಬೇಗ ಇಳಿಯುತ್ತದೆ. ಬಿಯರಿನ ನೊರೆ ನಿಲ್ಲುವುದು ಧಾನ್ಯದ ಪ್ರೋಟೀನಿನಿಂದ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಪ್ರೋಟೀನನ್ನು ಒಡೆಯುತ್ತದೆ. ಮಾವಿನ ರಸ ದಪ್ಪ, ತಳದಲ್ಲಿ ಕೂರುತ್ತದೆ, ಬಿಯರ್ ಸುರಿದ ಕೂಡಲೇ ನೊರೆ ಉಕ್ಕಿ ಮೇಜಿನ ಮೇಲೆ. ಗೇರುಹಣ್ಣಿನ ರಸ ಆಸೆ ಹುಟ್ಟಿಸುತ್ತದೆ, ಪರಿಮಳ ಅಂಥದ್ದು. ಆದರೆ ಅದರ ಒಗರು ಗಂಟಲು ಹಿಡಿಯುತ್ತದೆ. ಗಂಜಿ ತಿಳಿ ಬೆರೆಸಿ ಒಗರನ್ನು ತಳಕ್ಕೆ ಇಳಿಸಿ, ಸೋಸಿದ ಮೇಲೆ ಮಾತ್ರ ಬಳಸಬಹುದು. ಅಷ್ಟು ತಾಳ್ಮೆ ಇದ್ದರೆ ಲಿಂಬೆಯ ಜೊತೆ ಅದು ಚೆನ್ನಾಗಿಯೇ ಇರುತ್ತದೆ.

ನನ್ನಾರಿ (ಸೊಗದೆ ಬೇರಿನ) ಸಿರಪ್ ಗೋಧಿ ಬಿಯರಿಗೆ ಸರಿ, 10 ಮಿಲಿ ಮತ್ತು ಲಿಂಬೆ. ರೋಸ್ ಸಿರಪ್ ಬೇಡ. ಬೊಂಡದ ನೀರನ್ನು, ಅಂದರೆ ಎಳನೀರನ್ನು, ಬೊಂಡವಾಗಿಯೇ ಕುಡಿಯುವುದು ಮೇಲು. ಅದರಲ್ಲಿ ಹುಳಿಯೂ ಇಲ್ಲ, ಬಿಯರಿಗೆ ಸಾಲುವಷ್ಟು ಸಿಹಿಯೂ ಇಲ್ಲ, ಸುಮ್ನೆ ನೀರಾಗುತ್ತದೆ. ಕಳ್ಳಿಗೆ ಬಿಯರ್ ಬೆರೆಸುವವರೂ ಇದ್ದಾರೆ. ಕಳ್ಳು ಗ್ಲಾಸಿನಲ್ಲೂ ಹುದುಗುತ್ತಲೇ ಇರುತ್ತದೆ. ಎರಡೂ ಕೆಡುತ್ತವೆ ಅಷ್ಟೇ.

ಬೆರೆಸುವುದು, ಬಡಿಸುವುದು

ಎಲ್ಲವೂ ತಣ್ಣಗಿರಬೇಕು. ಬಿಯರ್ ಮಾತ್ರ ತಣ್ಣಗಿದ್ದು ಸಿರಪ್ ಬೆಚ್ಚಗಿದ್ದರೆ ಗ್ಯಾಸ್ ಹಾರಿಹೋಗುತ್ತದೆ. ತಣ್ಣಗಿನ ದ್ರವದಲ್ಲೇ ಗ್ಯಾಸ್ ಕರಗಿ ನಿಲ್ಲುವುದು. ಸಿರಪ್, ಸೋಡಾ, ಗ್ಲಾಸು ಎಲ್ಲವನ್ನೂ ಎರಡು ಗಂಟೆ ಮೊದಲೇ ಫ್ರಿಜ್ಜಿನಲ್ಲಿಡಿ. ಹಾಗೆ ಮಾಡಿದರೆ ಐಸ್ ಬೇಕಾಗುವುದಿಲ್ಲ. ಐಸ್ ಕರಗಿ ರುಚಿ ನೀರಾಗುತ್ತದೆ, ಅದರ ಒರಟು ಮೈಗೆ ಗುಳ್ಳೆ ಎದ್ದು ಗ್ಯಾಸೂ ಬೇಗ ಹೋಗುತ್ತದೆ. ಇದೇ ಕಾರಣಕ್ಕೆ ಹರಳು ಸಕ್ಕರೆಯನ್ನು ನೇರ ಬಿಯರಿಗೆ ಹಾಕಬಾರದು. ಕ್ಷಣದಲ್ಲಿ ಉಕ್ಕುತ್ತದೆ.

ಗ್ಲಾಸಿನ ವಿಷಯ ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ನಮ್ಮ ಅಡುಗೆಮನೆಯಲ್ಲಿ ತೆಂಗಿನೆಣ್ಣೆ ಮುಟ್ಟದ ಪಾತ್ರೆ ಇಲ್ಲ ಅಲ್ವಾ? ಜಿಡ್ಡಿನ ಒಂದು ಸಣ್ಣ ಪೊರೆ ಇದ್ದರೂ ನೊರೆ ಸಾಯುತ್ತದೆ. ಬಿಯರಿನ ಗ್ಲಾಸುಗಳನ್ನು ಬೇರೆ ಪಾತ್ರೆಯ ಜೊತೆ ತೊಳೆಯಬೇಡಿ. ಹೊಸ ಸ್ಪಂಜಿನಲ್ಲಿ, ಬಿಸಿ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಲು ಬಿಡಿ.

ಮೊದಲು ಸಿರಪ್. ಲಿಂಬೆ ಇದ್ದರೆ ಅದೂ ಈಗಲೇ. ಆಮೇಲೆ ಗ್ಲಾಸನ್ನು ಓರೆ ಹಿಡಿದು ಕಾಲು ಭಾಗ ಬಿಯರ್ ಸುರಿದು, ಉದ್ದ ಚಮಚದಲ್ಲಿ ತಳದಿಂದ ಮೇಲಕ್ಕೆ ಒಂದೇ ಸಲ ಎತ್ತಿ. ಗಟ್ಟಿ ಸಿರಪ್ ತಳದಲ್ಲಿ ಉಳಿದರೆ ಮೊದಲ ಗುಟುಕು ಕಹಿ, ಕೊನೆಯದು ಪಾಕ ಆಗುತ್ತದೆ. ನಂತರ ಉಳಿದ ಬಿಯರನ್ನು ನಿಧಾನ ಸುರಿಯಿರಿ, ಕೊನೆಗೆ ಗ್ಲಾಸು ನೆಟ್ಟಗೆ ಮಾಡಿ ನೊರೆ ಕಟ್ಟಿಸಿ. ಪುನರ್ಪುಳಿಯದ್ದಾದರೆ ನೊರೆ ತಿಳಿ ಗುಲಾಬಿ ಬಣ್ಣಕ್ಕೆ ಬರುತ್ತದೆ. ಶೇಕರಿನಲ್ಲಿ ಬಿಯರ್ ಹಾಕಿ ಕುಲುಕುವ ಯೋಚನೆಯೇ ಬೇಡ.

ಜನ ಜಾಸ್ತಿ ಇದ್ದರೆ ಜಗ್ಗಿನಲ್ಲಿ ಬೆರೆಸಿಡುವ ಆಸೆ ಬರುತ್ತದೆ. ಲಿಂಬೆಯದ್ದನ್ನು ಮಾತ್ರ ಹಾಗೆ ಮಾಡಬಹುದು, ಸೋಡಾದ ಗ್ಯಾಸೂ ಇರುವುದರಿಂದ ಹತ್ತು ನಿಮಿಷ ತಡೆಯುತ್ತದೆ. ಉಳಿದದ್ದಕ್ಕೆ ಸಿರಪ್ ಬಾಟಲಿ, ಒಂದು ಅಳತೆ ಲೋಟ ಮೇಜಿನ ಮೇಲಿಟ್ಟು ಒಂದೊಂದೇ ಗ್ಲಾಸು ಮಾಡಿಕೊಡಿ. ಯಾರಿಗೆ ಎಷ್ಟು ಸಿಹಿ ಎಂದು ಕೇಳಿ ಕೊಡುವುದಕ್ಕೂ ಅನುಕೂಲ. ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಒತ್ತಾಯ ಮಾಡಬೇಡಿ, ಸಿರಪ್ಪೂ ಬಿಯರೂ ಎರಡೂ ಅವರಿಗೆ ತೊಂದರೆಯೇ.

ಒಂದು ವಿಷಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಪುನರ್ಪುಳಿ ಬಿಯರಿನ ನೊರೆ ಇಳಿದ ಮೇಲೆ ಅದು ಪುನರ್ಪುಳಿ ಶರಬತ್ತಿನ ಹಾಗೇ ಕಾಣುತ್ತದೆ. ರಜೆಗೆ ಬಂದ ಮಕ್ಕಳು ಮನೆ ತುಂಬ ಓಡಾಡುತ್ತಿರುತ್ತಾರೆ. ಶರಬತ್ತನ್ನು ಸ್ಟೀಲ್ ಲೋಟದಲ್ಲಿ, ಬಿಯರನ್ನು ಗಾಜಿನಲ್ಲಿ ಕೊಡಿ. ಅರ್ಧ ಕುಡಿದ ಗ್ಲಾಸನ್ನು ಜಗಲಿಯಲ್ಲಿ ಬಿಟ್ಟು ಎದ್ದು ಹೋಗಬೇಡಿ. ಬೈಕು, ಕಾರು ಓಡಿಸಿಕೊಂಡು ವಾಪಸ್ ಹೋಗಬೇಕಾದವರಿಗೆ ರಾಡ್ಲರ್ ಆದರೂ ಬೇಡ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು, ಮತ್ತು ಸಿಹಿ ಗ್ಲಾಸು ಎಷ್ಟು ಕುಡಿದೆವೆಂದು ಲೆಕ್ಕ ಸಿಗುವುದಿಲ್ಲ.

ಗಾಡಿ ಓಡಿಸುವವರಿಗೆ, ಕುಡಿಯದೇ ಇರುವ ದೊಡ್ಡವರಿಗೆ ಆಲ್ಕೋಹಾಲ್ ಇಲ್ಲದ 0.0 ಬಿಯರಿನಲ್ಲೂ ಇದನ್ನೇ ಮಾಡಬಹುದು. ಕಿಂಗ್‌ಫಿಶರ್ ರಾಡ್ಲರ್ ಎಂದು ನಮ್ಮ ದೇಶದಲ್ಲಿ ಬಂದದ್ದೂ ಆಲ್ಕೋಹಾಲ್ ಇಲ್ಲದ ಮಾಲ್ಟ್ ಪಾನೀಯವೇ, ಜರ್ಮನಿಯ ರಾಡ್ಲರಿನ ಜೊತೆ ಅದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದಕ್ಕೆ ಮೊದಲೇ ಸಿಹಿ ಹಾಕಿರುವುದರಿಂದ ಮತ್ತೆ ಸಿರಪ್ ಬೇಡ. 0.0 ಬಿಯರಿನಲ್ಲೂ ಮಾಲ್ಟಿನ ಸಿಹಿ ಸ್ವಲ್ಪ ಉಳಿದಿರುತ್ತದೆ. ಪುನರ್ಪುಳಿ ಸಿರಪ್ಪನ್ನು 15 ಮಿಲಿಗೆ ಇಳಿಸಿ, ನಾಲ್ಕು ಹನಿ ಲಿಂಬೆ ಹಿಂಡಿ.